ಸುಡದ ಮೂಟೆ

ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ ರೇವಣಸಿದ್ದಪ್ಪನವರಿಗೆ ಬೆಳಗಿನ ಕಾಫಿ ಎರಡು ಸಲ ಆಗಬೇಕು. ಮೊದಲನೆಯದು ಎದ್ದ ಕೂಡಲೇ, ತಮ್ಮ ಲೆಕ್ಕದಲ್ಲಿ. ಎರಡನೆಯದು ನರ್ಸ್ ಮಂಜುಶ್ರೀ ಬಂದಾಗ, ಅವಳ ನೆಪದಲ್ಲಿ. ಸಕ್ಕರೆ ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ್ದು ಹೆಂಡತಿಗೆ, ತಮಗಲ್ಲ ಎಂಬುದು ಅವರ ವಾದ. ಹಾಗಾಗಿ ಹಳೇಬೀಡಿನ ರಸ್ತೆಯಿಂದ ಸ್ಕೂಟರು ತಮ್ಮ ಬೀದಿಗೆ ತಿರುಗಿದ ಸದ್ದಾದರೆ ಸಾಕು, ಪೇಪರು ಮಡಿಸಿ, "ಪುಷ್ಪಾ, ಮಂಜಮ್ಮ ಬಂದ್ಲು ಕಣವ್ವ, ಕಾಫಿಗಿಡು" ಎಂದು ಸೊಸೆಗೆ ಕೂಗು ಹಾಕುತ್ತಿದ್ದರು.

ಮಂಜುಶ್ರೀ ಮಾದಿಹಳ್ಳಿಯ ಜವರಣ್ಣನ ಮಗಳು. ಜವರಣ್ಣ ಹಸು ಕಟ್ಟಿ, ಡೈರಿಗೆ ಹಾಲು ಹಾಕಿ ಮಗಳನ್ನು ನರ್ಸಿಂಗ್ ಓದಿಸಿದವನು. ಅವಳು ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದು, ಈಗ ಹಳೇಬೀಡಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು ತನ್ನದೇ ಬೋರ್ಡು ಹಾಕಿಕೊಂಡಿದ್ದಳು. ಡಾಕ್ಟರ ಚೀಟಿ ಇದ್ದರೆ ಮನೆಗೇ ಬಂದು ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದಳು, ಇಂಜೆಕ್ಷನ್ ಕೊಡುತ್ತಿದ್ದಳು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದಳು. ಚೀಟಿ ಇಲ್ಲದೆ "ಹಂಗೇ ಒಂದು ಸೂಜಿ ಚುಚ್ಚಿ ಹೋಗವ್ವ" ಎಂದವರಿಗೆ ನಗುನಗುತ್ತಲೇ ಆಗುವುದಿಲ್ಲ ಎನ್ನುತ್ತಿದ್ದಳು. ಅವಳ ನಗು ಎಷ್ಟು ಮೃದುವೋ ಅವಳ ಹಟ ಅಷ್ಟೇ ಗಟ್ಟಿ.

ರೇವಣಸಿದ್ದಪ್ಪನವರ ಹೆಂಡತಿ ಸುವರ್ಣಮ್ಮನವರಿಗೆ ಸಕ್ಕರೆ ಕಾಯಿಲೆ. ಎರಡು ಪಾದಗಳೂ ಜೋಮು ಹಿಡಿದಂತಾಗಿ, ಮುಳ್ಳು ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಹಾಗೆ ತಿಳಿಯದೇ ಚುಚ್ಚಿದ ಒಂದು ಮುಳ್ಳು ಕೀವಾಗಿ, ಹಾಸನದಲ್ಲಿ ಬಲಗಾಲಿನ ಕಿರುಬೆರಳನ್ನೇ ತೆಗೆಯಬೇಕಾಗಿ ಬಂದಿತ್ತು. ಆ ಗಾಯ ಈಗ ಮಂಜುಶ್ರೀಯ ಕೈಯಲ್ಲಿ ನಿಧಾನಕ್ಕೆ ಮಾಯುತ್ತಿತ್ತು.

ಮಾಗಿಯ ಚಳಿಯ ಒಂದು ಬೆಳಿಗ್ಗೆ ಅವಳು ಗಾಯ ತೊಳೆದು, ಹೊಸ ಬಟ್ಟೆ ಸುತ್ತಿ, ಕಾಫಿ ಲೋಟ ಹಿಡಿದು ಕೂತವಳು ಚೀಲದಿಂದ ಒಂದು ಹಾಳೆ ತೆಗೆದಳು.

"ಅಪ್ಪಾಜಿ, ಇದನ್ನೊಂದ್ಸಲ ಓದಿ ರುಜು ಹಾಕ್ಬೇಕಿತ್ತು."

"ಏನವ್ವ ಇದು?"

"ಅಮ್ಮನಿಗೆ ನಾನು ಏನೇನು ಮಾಡ್ತೀನಿ, ಮನೇಲಿ ಏನೇನು ಮಾಡ್ಬಾರ್ದು ಅಂತ ಬರ್ದಿದೀನಿ. ಬರಿಗಾಲಲ್ಲಿ ಓಡಾಡ್ಬಾರ್ದು, ಕಾಲಿಗೆ ಬಿಸಿ ತಾಗಿಸ್ಬಾರ್ದು, ಇಂಥಾವು. ಓದಿದೀವಿ, ಒಪ್ಪಿದೀವಿ ಅಂತ ಮನೆಯೋರು ರುಜು ಹಾಕ್ಬೇಕು."

ರೇವಣಸಿದ್ದಪ್ಪನವರ ಮುಖ ಸಣ್ಣದಾಯಿತು. ಹಾಳೆಯನ್ನು ಓದಲೂ ಇಲ್ಲ. "ಅಲ್ಲ ಕಣವ್ವ, ನಿನ್ನ ಈ ಮನೆ ಮಗಳು ಅಂದ್ಕಂಡಿದೀನಿ ನಾನು. ಮಗಳಾದೋಳು ಅಪ್ಪನ ಹತ್ರ ರುಜು ಕೇಳ್ತಾಳಾ?"

"ಮಗಳು ಕೇಳಲ್ಲ ಅಪ್ಪಾಜಿ, ನರ್ಸ್ ಕೇಳ್ಬೇಕು. ಇನ್ಶೂರೆನ್ಸ್ ಮಾಡಿಸ್ಕೊಂಡಿದೀನಿ. ಅವರು ಹೇಳಿದಾರೆ."

"ಜೀವಕ್ಕಾ?"

"ಅಲ್ಲ, ಕೆಲಸಕ್ಕೆ. ಆಸ್ಪತ್ರೇಲಿದ್ದಾಗ ಏನಾದ್ರೂ ಎಡವಟ್ಟಾದ್ರೆ ಆಸ್ಪತ್ರೆಯೋರು ಮುಂದೆ ನಿಲ್ಲೋರು. ಈಗ ನಾನೊಬ್ಳೇ ಅಲ್ವಾ? ಯಾರಾದ್ರೂ ಕೇಸು ಹಾಕಿದ್ರೆ ಕಂಪನಿಯೋರು ವಕೀಲರನ್ನ ಕೊಡ್ತಾರೆ. ನನ್ನಿಂದಾನೇ ತಪ್ಪಾಗಿದ್ರೆ ಪರಿಹಾರಾನೂ ಅವರೇ ಕಟ್ತಾರೆ."

"ತಪ್ಪು ಮಾಡೋ ಪೈಕಿನಾ ನೀನು?"

"ಮನುಷ್ಯಳಲ್ವಾ? ಒಂದಿನ ಆಗೇಬಿಟ್ರೆ? ನಮ್ಮಪ್ಪ ಹಸು ಮಾರಿ ದಂಡ ಕಟ್ಬೇಕಾಗ್ತದೆ ಅಂತ ಗೊತ್ತಿದ್ರೆ, ನಂದೇ ತಪ್ಪು ಅಂತ ಬಾಯಿ ಬಿಡೋಕೆ ನಂಗೆ ಧೈರ್ಯ ಎಲ್ಲಿಂದ ಬರ್ಬೇಕು? ಇದೊಂದಿದ್ರೆ ನಿಜ ಹೇಳ್ಬೋದು ಅಪ್ಪಾಜಿ."

ಮಂಚದ ಮೇಲಿದ್ದ ಸುವರ್ಣಮ್ಮ ಸುಮ್ಮನಿರಲಿಲ್ಲ. "ಹಾಕ್ರೀ ರುಜು. ಅರಸೀಕೆರೆ ಮಂಡಿಲಿ ಕಂಡಕಂಡ ಚೀಟಿಗೆಲ್ಲ ಹಾಕಿ ಬರ್ತೀರಿ."

"ವ್ಯಾಪಾರ ಬೇರೆ, ಮನೆ ಬೇರೆ. ಆಮೇಲೆ ನೋಡಾಣ ಬಿಡು" ಎಂದು ಅವರು ಹಾಳೆಯನ್ನು ಗೋಡೆಯ ಕ್ಯಾಲೆಂಡರಿನ ಹಿಂದಕ್ಕೆ ಸಿಕ್ಕಿಸಿದರು. ಹಾಕಿಸಿಯೇ ಏಳಬೇಕಿತ್ತು ಮಂಜುಶ್ರೀ. ಚೀಟಿ ಇಲ್ಲದ ಇಂಜೆಕ್ಷನ್ನಿಗೆ ಅಷ್ಟು ಗಟ್ಟಿ ನಿಲ್ಲುವವಳು, ಮಗಳೆಂದು ಕರೆದ ಮುದುಕರ ಮುಂದೆ ಕರಗಿಹೋದಳು. ನಾಳೆ ಹಾಕಿಸಿಕೊಂಡರಾಯಿತು ಅಂದುಕೊಂಡಳು.

ಅಷ್ಟರಲ್ಲಿ ರೇವಣಸಿದ್ದಪ್ಪನವರಿಗೆ ತಮ್ಮ ಗೋದಾಮಿನ ಕಥೆ ನೆನಪಾಗಿತ್ತು. ವಿಮೆ ಎಂಬ ಮಾತು ಕಿವಿಗೆ ಬಿದ್ದರೆ ಅವರಿಗೆ ಆ ಕಥೆ ಹೇಳದೆ ಇರಲು ಆಗುವುದಿಲ್ಲ. ಹಿಂದೊಮ್ಮೆ ಅವರ ಕೊಬ್ಬರಿ ಗೋದಾಮಿಗೆ ಬೆಂಕಿ ಬಿದ್ದಿತ್ತು. ಕೊಬ್ಬರಿ ಎಂದರೆ ಎಣ್ಣೆ ತಾನೆ, ಒಂದು ಕಿಡಿ ತಾಗಿದರೆ ತಡೆಯುವವರಿಲ್ಲ. ಅರ್ಧ ಮೂಟೆಗಳು ಬೂದಿಯಾದವು, ಇನ್ನರ್ಧವನ್ನು ಊರವರು ಹೊತ್ತು ಬೀದಿಗೆ ತಂದು ಉಳಿಸಿದರು. ಆಗ ಅವರ ತಂಗಿಯ ಮಗ, ಮಂಡಿಯ ದಲ್ಲಾಳಿ ಚನ್ನೇಶ, "ಮಾವ, ಉಳಿದ ಮೂಟೆನ ಎಲ್ಲಾದ್ರೂ ಸಾಗಿಸಿ, ಎಲ್ಲಾ ಸುಟ್ಟೋಯ್ತು ಅಂತ ಬರೆಸಿಬಿಡಾಣ, ದುಡ್ಡು ಕೊಡೋನು ಕಂಪನಿಯೋನು ತಾನೆ" ಎಂದಿದ್ದ.

"ನಾನೇನಂದೆ ಗೊತ್ತಾ?" ಎಂದು ರೇವಣಸಿದ್ದಪ್ಪ ಕೇಳುತ್ತಿದ್ದಂತೆಯೇ ಸುವರ್ಣಮ್ಮ ಅವರದೇ ಧ್ವನಿಯಲ್ಲಿ ಮುಗಿಸಿದರು: "'ಸುಡದ ಮೂಟೆನ ಸುಟ್ಟಿದ್ದರ ಜೊತೆಗೆ ಸೇರ್ಸೋ ಜಾಯಮಾನ ನಂದಲ್ಲ ಕಣಲಾ, ಆಚೆ ನಡಿ.' ಮಂಜೂಗೆ ಬಾಯಿಪಾಠ ಆಗೈತೆ ಬಿಡಿ." ಮಂಜುಶ್ರೀ ಕಾಫಿ ಚೆಲ್ಲುವಷ್ಟು ನಕ್ಕಳು.

ಅದೇ ದಿನ ಮಧ್ಯಾಹ್ನದ ಊಟ ಆಗಿತ್ತು. ಮಗ ಇಂದ್ರೇಶ ಅರಸೀಕೆರೆಗೆ ಹೋಗಿದ್ದ, ಸೊಸೆ ಪುಷ್ಪಲತಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸುವರ್ಣಮ್ಮ ಕಂಬಳಿ ಹೊದ್ದುಕೊಂಡು, "ಕಾಲು ಮರದ ತುಂಡಾಗೈತೆ ಕಣ್ರೀ. ಹಾಳು ಚಳಿ. ಇಂದ್ರೇಶ ಹುಟ್ಟಿದಾಗ ಉಪ್ಪಿನ ಗಂಟು ಶಾಖ ಕೊಡ್ತಿದ್ರಲ್ಲ, ಎಷ್ಟು ಹಾಯಾಗಿರ್ತಿತ್ತು" ಎಂದರು.

ಆ ದಿನಗಳು ರೇವಣಸಿದ್ದಪ್ಪನವರಿಗೆ ಚೆನ್ನಾಗಿ ನೆನಪಿದ್ದವು. ಬಾಣಂತಿ ಹೆಂಡತಿಗೆ ಗಂಡಸು ಶಾಖ ಕೊಡುವುದೇ ಎಂದು ಅವರ ತಾಯಿ ಮುಖ ತಿರುಗಿಸಿದ್ದರು. ಆದರೂ ಇವರು ಬಿಟ್ಟಿರಲಿಲ್ಲ. ಇಷ್ಟು ವರ್ಷ ತಮಗೆ ಅಡುಗೆ ಮಾಡಿ ಹಾಕಿದ, ತಮ್ಮ ಸಿಡುಕೆಲ್ಲ ಸಹಿಸಿದ ಹೆಂಗಸು ಚಳಿಯಲ್ಲಿ ನಡುಗುತ್ತಿರುವಾಗ ಒಂದು ಗಂಟು ಉಪ್ಪು ಹುರಿದುಕೊಡಲು ಯಾರ ಅಪ್ಪಣೆ ಬೇಕು? ಅವರು ಅಡುಗೆಮನೆಗೆ ಹೋಗಿ ಬಾಣಲೆಯಲ್ಲಿ ಕಲ್ಲುಪ್ಪು ಹುರಿದರು. ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ತಂದು, ಡ್ರೆಸ್ಸಿಂಗ್ ಬಟ್ಟೆಗೆ ತಾಗದಂತೆ ಎಚ್ಚರವಾಗಿ ಬಲಪಾದದ ಅಡಿಗೆ ಒತ್ತಿದರು.

"ಹೆಂಗೈತೆ?"

"ಏನೂ ಗೊತ್ತಾಗ್ತಿಲ್ಲ. ಇನ್ನೊಂಚೂರು ಬಿಸಿ ಮಾಡ್ಕೊಂಡು ಬನ್ನಿ."

ಅವರು ಮತ್ತೆ ಹೋಗಿ ಇನ್ನಷ್ಟು ಬಿಸಿ ಮಾಡಿಕೊಂಡು ಬಂದರು. ಸುವರ್ಣಮ್ಮ ಕಣ್ಣು ಮುಚ್ಚಿ, "ನೀವು ಹಿಂಗೆ ಕೂತ್ಕಂಡಿದ್ರೇ ಅರ್ಧ ಚಳಿ ಹೋಯ್ತದೆ" ಎಂದರು. ಮಂಜುಶ್ರೀಗೆ ಹೇಳಿದರೆ ಬೈಯುತ್ತಾಳೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಗಂಡಹೆಂಡತಿ ಕಳ್ಳರಂತೆ ನಕ್ಕರು.

ಮರುದಿನ ಬೆಳಿಗ್ಗೆ ಪುಷ್ಪಲತಾ ಕಂಬಳಿ ಸರಿಸಿದವಳು ಅಲ್ಲೇ ನಿಂತುಬಿಟ್ಟಳು. ಅತ್ತೆಯ ಅಂಗಾಲಿನ ತುಂಬಾ ಬೊಬ್ಬೆ ಎದ್ದಿತ್ತು. ಮೈ ಜ್ವರದಿಂದ ಸುಡುತ್ತಿತ್ತು. ಇಂದ್ರೇಶ ತಾಯಿಯನ್ನು ಎತ್ತಿ ಕಾರಿನಲ್ಲಿ ಕೂರಿಸಿಕೊಂಡು ಹಾಸನಕ್ಕೆ ಹೊಡೆದ. ಅಲ್ಲಿ ಡಾಕ್ಟರು ಪಾದ ನೋಡಿ, "ಇದು ಬಿಸಿ ತಾಗಿ ಆಗಿರೋ ಸುಟ್ಟ ಗಾಯ. ಯಾರು ತಾಗಿಸಿದ್ದು?" ಎಂದು ಕೇಳಿದರು.

"ನಿನ್ನೆ ನರ್ಸ್ ಬಂದು ಬಿಸಿನೀರಲ್ಲಿ ತೊಳೆದು ಹೋದ್ಳು ಸಾರ್. ಅವಳು ಬಿಟ್ರೆ ಅಮ್ಮನ ಕಾಲು ಮುಟ್ಟೋರು ಬೇರೆ ಯಾರೂ ಇಲ್ಲ" ಎಂದ ಇಂದ್ರೇಶ. ಮಂಜುಶ್ರೀ ತೊಳೆದದ್ದು ಕೈಗೆ ತಾಗಿಸಿ ನೋಡಿದ ಉಗುರುಬೆಚ್ಚಗಿನ ನೀರಿನಲ್ಲಿ. ಮಗನ ಪಕ್ಕದಲ್ಲಿಯೇ ನಿಂತಿದ್ದ ರೇವಣಸಿದ್ದಪ್ಪನವರಿಗೆ ಅದು ಗೊತ್ತಿತ್ತು. ಸುವರ್ಣಮ್ಮ ಜ್ವರದ ಮಂಪರಿನಲ್ಲಿದ್ದರು. ಮಾತಾಡಬೇಕಾದವರು ರೇವಣಸಿದ್ದಪ್ಪನವರೊಬ್ಬರೇ. ಮಗನ ಕಣ್ಣಲ್ಲಿ ನೀರು ನೋಡಿ, ಈಗಲ್ಲ, ಆಮೇಲೆ ಹೇಳಿದರಾಯಿತು ಎಂದುಕೊಂಡರು. ಹಾಗೆ ಮುಂದಕ್ಕೆ ಹಾಕಿದ್ದು ಒಂದು ಹೊತ್ತು ಕಳೆದರೆ ಬಾಯಿಗೆ ಬರುವುದು ಎಷ್ಟು ಕಷ್ಟ ಎಂದು ಅವರಿಗೆ ಆಗ ತಿಳಿದಿರಲಿಲ್ಲ.

ವಿಷಯ ತಿಳಿದ ಮಂಜುಶ್ರೀ ಜಾವಗಲ್ಲಿಗೆ ಓಡಿ ಬಂದಳು. ಆಸ್ಪತ್ರೆಯಿಂದ ಅಪ್ಪನ ಜೊತೆ ಮನೆಗೆ ಬಂದಿದ್ದ ಇಂದ್ರೇಶ ಅವಳನ್ನು ಹೊಸ್ತಿಲು ದಾಟಿಸಲಿಲ್ಲ.

"ಅಕ್ಕ ಅಂತ ಕರೀತಿದ್ದೆ ನಿಮ್ನ. ಹಿಂಗೆ ಮಾಡಾದಾ?"

"ಇಂದ್ರೇಶಣ್ಣ, ನಾನು ಸುಡೋ ನೀರು ಹಾಕಿಲ್ಲ. ಆಸ್ಪತ್ರೆಗೆ ಹೋಗಿ ಅಮ್ಮನ್ನ ಒಂದ್ಸಲ ನೋಡ್ಬೇಕು, ಅಷ್ಟೇ."

"ಬೊಬ್ಬೆ ತಾನಾಗೇ ಬಂತಾ? ಬೆರಳು ಹೋಗೈತೆ, ಈಗ ಪಾದಾನೂ ತೆಗೀಬೇಕಾಗ್ಬೋದು ಅಂತಿದಾರೆ. ನಿಮ್ಮಮ್ಮಂಗೆ ಹಿಂಗಾಗಿದ್ರೆ ಸುಮ್ನಿರ್ತಿದ್ರಾ? ನಾನು ಕಂಪ್ಲೇಂಟ್ ಕೊಡೋನೇ."

ಮಂಜುಶ್ರೀ, "ಕೊಡಿ. ಕೇಳೋ ಹಕ್ಕು ನಿಮ್ಗಿದೆ. ನಾನೂ ಇನ್ಶೂರೆನ್ಸ್‌ನೋರಿಗೆ ತಿಳಿಸ್ತೀನಿ. ವಕೀಲರು ಬಂದು ನಿಮ್ಮ ಮಾತು ಕೇಳ್ತಾರೆ" ಎಂದು ಸ್ಕೂಟರು ಹತ್ತಿದಳು. ಒಳಗೆ ಕಿಟಕಿಯ ಮರೆಯಲ್ಲಿದ್ದ ರೇವಣಸಿದ್ದಪ್ಪನವರಿಗೆ ಎಲ್ಲವೂ ಕೇಳಿಸುತ್ತಿತ್ತು. ಅವಳು ಹೋಗುವ ಮುಂಚೆ ಒಮ್ಮೆ ಕಿಟಕಿಯ ಕಡೆ ನೋಡಿದಳು. ಅವರು ಹಿಂದಕ್ಕೆ ಸರಿದರು.

ಅವಳ ಬಾಯಿಂದ ಬಂದ ಆ ಒಂದು ಮಾತೇ ಊರಿಗೆ ಸಾಕಾಯಿತು. ಇನ್ಶೂರೆನ್ಸ್ ಮಾಡಿಸಿಕೊಂಡಿದ್ದಾಳಂತೆ. ಅಂದರೆ ಹೀಗಾಗುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಕೆಲಸ ಬಲ್ಲವಳಾದರೆ ಅದೆಲ್ಲ ಯಾಕೆ ಬೇಕು? ಸಂತೆಯಲ್ಲಿ, ಹಾಲಿನ ಡೈರಿಯಲ್ಲಿ, ಬಸ್ಸಿನಲ್ಲಿ ಇದೇ ಮಾತು. ಎರಡು ಬೀದಿ ಆಚೆಯ ಬೋರಮ್ಮ, ಹಾಸಿಗೆ ಹಿಡಿದ ಗಂಡ ನಂಜಪ್ಪನ ಬೆನ್ನಿನ ಹುಣ್ಣಿಗೆ ಮಂಜುಶ್ರೀಯನ್ನೇ ನಂಬಿದ್ದವಳು, "ಇನ್ನು ಬರಬೇಡ" ಎಂದು ಫೋನು ಮಾಡಿದಳು. ಅದನ್ನು ಕೇಳಿ ಇನ್ನೆರಡು ಮನೆಯವರೂ ಹಾಗೇ ಮಾಡಿದರು. ಜಾವಗಲ್ಲಿನ ರಸ್ತೆಯಲ್ಲಿ ಅವಳ ಸ್ಕೂಟರಿನ ಸದ್ದು ನಿಂತುಹೋಯಿತು. ರೇವಣಸಿದ್ದಪ್ಪನವರ ಎರಡನೆಯ ಕಾಫಿಯೂ ನಿಂತಿತು. ಸೊಸೆ ಕೇಳಿದರೆ ಬೇಡ ಎನ್ನುತ್ತಿದ್ದರು.

ಈ ಹೊತ್ತಿನಲ್ಲಿಯೇ ಚನ್ನೇಶ ಬಂದ. ಅತ್ತೆಯ ಆರೋಗ್ಯ ವಿಚಾರಿಸಿ, ಇಂದ್ರೇಶನಿಂದ ಎಲ್ಲ ಕೇಳಿ ತಿಳಿದು, ಮಾವನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ:

"ಮಾವ, ಇದ್ರಲ್ಲಿ ಯಾರಿಗೂ ನಷ್ಟ ಇಲ್ಲ. ಕಂಪನಿ ವಕೀಲ ಬತ್ತಾನೆ. ಬಿಸಿನೀರು ಹಾಕಿದ್ದನ್ನ ನಾನೇ ಕಣ್ಣಾರೆ ಕಂಡೆ ಅಂತ ನೀವೊಂದು ಮಾತು ಹೇಳಿ. ಹಿರೀರ ಮಾತಿಗೆ ತೂಕ ಇರ್ತದೆ. ಅತ್ತೆ ಆಸ್ಪತ್ರೆ ಖರ್ಚೆಲ್ಲ ಕಂಪನಿ ಕಟ್ತದೆ. ಆ ಹುಡುಗಿ ಕೈಯಿಂದ ಬಿಡಿಗಾಸೂ ಹೋಗಲ್ಲ."

ರೇವಣಸಿದ್ದಪ್ಪ ತಲೆ ಎತ್ತಿದರು. "ಅವಳಿಗೇನೂ ತೊಂದರೆ ಆಗಲ್ವಾ?"

"ಏನಾಯ್ತದೆ? ಅದಕ್ಕೇ ಅಲ್ವಾ ಅವಳು ಇನ್ಶೂರೆನ್ಸ್ ಮಾಡ್ಸಿರೋದು."

ಎಂಥ ನೆಮ್ಮದಿಯ ಮಾತು ನೋಡಿ. ಮುಳುಗುತ್ತಿದ್ದ ಮನುಷ್ಯರಿಗೆ ಕೈಗೆ ಏನೋ ಸಿಕ್ಕಂತಾಯಿತು. ತಾವು ಬಾಯಿ ಬಿಡಬೇಕಾಗಿಲ್ಲ, ಮಗನ ಮುಂದೆ ತಲೆ ತಗ್ಗಿಸಬೇಕಾಗಿಲ್ಲ, ಹೆಂಡತಿಯ ಕಾಲು ಸುಟ್ಟವನು ಎಂದು ಊರಲ್ಲಿ ಅನ್ನಿಸಿಕೊಳ್ಳಬೇಕಾಗಿಲ್ಲ. ಮಂಜಮ್ಮನಿಗೂ ನಷ್ಟವಿಲ್ಲ. ಅವತ್ತು ರೇವಣಸಿದ್ದಪ್ಪ ಬಹಳ ದಿನಗಳ ಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡರು.

ಪುಣ್ಯಕ್ಕೆ ಸುವರ್ಣಮ್ಮನವರ ಪಾದ ಉಳಿಯಿತು. ಜ್ವರ ಇಳಿದು, ಬೊಬ್ಬೆಯ ಚರ್ಮ ತೆಗೆದು ಬಟ್ಟೆ ಸುತ್ತಿ ಮನೆಗೆ ಕಳಿಸಿದರು. ಬಂದವರು ಮಂಚದ ಮೇಲೆ ಕೂತ ಕೂಡಲೇ ಕೇಳಿದ್ದು, "ಮಂಜು ಯಾಕೆ ಬಂದಿಲ್ಲ?" ಎಂದು. ಆಸ್ಪತ್ರೆಯಲ್ಲಿ ಕೇಳಿದಾಗಲೆಲ್ಲ ಅವಳು ರಜೆಯಲ್ಲಿದ್ದಾಳೆ ಎಂದು ಹೇಳಿ ಸಾಗಹಾಕಿದ್ದರು. ಈಗ ಪುಷ್ಪಲತಾ ಹೇಳಲೋ ಬೇಡವೋ ಎಂದುಕೊಂಡೇ ಎಲ್ಲವನ್ನೂ ಹೇಳಿದಳು. ಕಂಪ್ಲೇಂಟು, ಬೋರಮ್ಮ, ಚನ್ನೇಶನ ಮಾತು, ನಾಳೆ ಬರುವ ವಕೀಲ, ಎಲ್ಲ.

ಸೊಸೆ ಒಳಗೆ ಹೋದ ಮೇಲೆ ಸುವರ್ಣಮ್ಮ ಗಂಡನನ್ನು ಕರೆದು ಬಾಗಿಲು ಮುಂದೆ ಮಾಡಿಸಿದರು.

"ಉಪ್ಪಿನ ಗಂಟಿನ ಮಾತು ಯಾರ ಹತ್ರಾನೂ ಹೇಳಿಲ್ವಾ?"

ರೇವಣಸಿದ್ದಪ್ಪ ಗೋಡೆ ನೋಡಿದರು. "ಅವಳಿಗೇನೂ ನಷ್ಟ ಇಲ್ವಂತೆ. ಕಂಪನಿಯೋರು ಕಟ್ತಾರಂತೆ."

"ಯಾರು ಹೇಳಿದ್ದು?"

"ಚನ್ನೇಶ."

"ಓಹೋ. ಗೋದಾಮು ಸುಟ್ಟಾಗ ಹೇಳಿದ್ನಲ್ಲ, ಅವನೇ ತಾನೆ?" ಸುವರ್ಣಮ್ಮನ ಧ್ವನಿ ಏರಲಿಲ್ಲ, ಅದರಿಂದಲೇ ಗಂಡನಿಗೆ ಹೆಚ್ಚು ಭಯವಾಯಿತು. "ಅವತ್ತು ಏನಂದಿದ್ರಿ, ಈಗ ಹೇಳಿ ನೋಡಾಣ. ಬಂದೋರಿಗೆಲ್ಲ ಹೇಳ್ತೀರಲ್ಲ, ನಂಗೂ ಹೇಳಿ."

ರೇವಣಸಿದ್ದಪ್ಪ ತಲೆ ತಗ್ಗಿಸಿ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡರು.

"ಸುಡದ ಮೂಟೆ ಕಣ್ರೀ ಆ ಹುಡುಗಿ. ಅವಳನ್ನ ಸುಟ್ಟಿದ್ದರ ಜೊತೆಗೆ ಸೇರಿಸ್ತಿದೀರಿ. ನಂಜಪ್ಪಂಗೆ ಬೆನ್ನು ಹುಣ್ಣಾಗೈತೆ, ಬೋರಮ್ಮ ಬೇಡ ಅಂದವಳೆ. ಆ ಹುಣ್ಣಿಗೂ ಕಂಪನಿಯೋರೇ ಔಷಧಿ ಹಚ್ತಾರಾ?"

ರೇವಣಸಿದ್ದಪ್ಪನವರಿಗೆ ಅಳು ಬಂತು. ಅಳುವುದಕ್ಕೂ ನಾಚಿಕೆಯಾಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಿನ್ನ ಕಾಲು ನಾನೇ ಸುಟ್ಟೆ ಅಂತ ಮಗನ ಮುಂದೆ ಹೆಂಗೆ ಹೇಳ್ಲಿ ಸುವರ್ಣಾ?"

"ಕೇಳಿದ್ದು ನಾನು, ಕೊಟ್ಟಿದ್ದು ನೀವು. ನಂಗೆ ನಿಮ್ಮ ಮೇಲೆ ಅದಕ್ಕೊಂದು ಚೂರೂ ಸಿಟ್ಟಿಲ್ಲ. ಸಿಟ್ಟಿರೋದು ಬಾಯಿ ಮುಚ್ಕೊಂಡಿದ್ದಕ್ಕೆ. ನಾನೇ ಹೇಳ್ಬೋದು, ಆದ್ರೆ ಹೇಳಲ್ಲ. ನೀವೇ ಹೇಳ್ಬೇಕು." ಅಷ್ಟು ಹೇಳಿ ಸುವರ್ಣಮ್ಮ ಗೋಡೆಯ ಕಡೆ ತಿರುಗಿ ಮಲಗಿದರು.

ಮರುದಿನ ಬೆಳಿಗ್ಗೆ ವಕೀಲ ಇಂದುಧರ ಹಾಸನದಿಂದ ಬಂದರು. ನಡುವಯಸ್ಸಿನ, ಮೆತ್ತಗೆ ಮಾತಾಡುವ ಮನುಷ್ಯ. ಅವರ ಹಿಂದೆ ಮಂಜುಶ್ರೀ. ಕಣ್ಣ ಸುತ್ತ ಕಪ್ಪಾಗಿತ್ತು. ಹಜಾರದಲ್ಲಿ ಒಂದು ಕಡೆ ಇಂದ್ರೇಶ ಮತ್ತು ಚನ್ನೇಶ, ಇನ್ನೊಂದು ಕಡೆ ಅವರಿಬ್ಬರು. ಸುವರ್ಣಮ್ಮ ಮಂಚದ ಮೇಲಿಂದಲೇ ಅವಳಿಗೆ ಹತ್ತಿರ ಬರುವಂತೆ ಸನ್ನೆ ಮಾಡಿದರೂ ಅವಳು ಎದ್ದು ಹೋಗಲಿಲ್ಲ.

"ನಾನು ಕಂಪನಿ ಪರವಾಗಿ ಬಂದಿದೀನಿ" ಎಂದರು ಇಂದುಧರ. "ಮಂಜುಶ್ರೀಯವರ ತಪ್ಪು ಅಂತ ಗೊತ್ತಾದ್ರೆ ನಿಮಗೆ ಪರಿಹಾರ ಸಿಗಬೇಕು, ಅದಕ್ಕೇ ಇರೋದು ಈ ವಿಮೆ. ತಪ್ಪಿಲ್ಲ ಅಂದ್ರೆ ಅವರ ಪರವಾಗಿ ನಿಲ್ಲೋದೂ ನಮ್ಮ ಕೆಲಸ. ಅವತ್ತು ಏನಾಯ್ತು ಅಂತ ಹೇಳಿ."

ಇಂದ್ರೇಶ ಹೇಳಿದ. ಅವನ ಮಾತಿನಲ್ಲಿ ಕಪಟವಿರಲಿಲ್ಲ, ತಾಯಿಯ ಮೇಲಿನ ಸಂಕಟವಿತ್ತು. ಅವನು ಮುಗಿಸುತ್ತಲೇ ಚನ್ನೇಶ, "ನಮ್ಮ ಮಾವ ಅಲ್ಲೇ ಇದ್ರು. ಅವರ ಬಾಯಲ್ಲೇ ಕೇಳಿ" ಎಂದ.

ರೇವಣಸಿದ್ದಪ್ಪ ಎದ್ದು ನಿಂತರು. ಯಾರ ಮುಖವನ್ನೂ ನೋಡದೆ ನೇರ ಅಡುಗೆಮನೆಗೆ ಹೋದರು. ಹೋದವರು ಬರಲಿಲ್ಲವಲ್ಲ ಎಂದು ಎಲ್ಲರೂ ಅತ್ತ ನೋಡುವಷ್ಟರಲ್ಲಿ ಉಪ್ಪು ಹುರಿದಿದ್ದ ಬಾಣಲೆಯನ್ನೂ ಪಂಚೆಯ ತುಂಡನ್ನೂ ಹಿಡಿದುಕೊಂಡು ಬಂದು ವಕೀಲರ ಮುಂದೆ ಇಟ್ಟರು.

"ಇದ್ರಲ್ಲಿ ಉಪ್ಪು ಹುರ್ದು, ಇದ್ರಲ್ಲಿ ಗಂಟು ಕಟ್ಟಿ, ಈ ಕೈಲಿ ನಾನೇ ಒತ್ತಿದ್ದು ಸ್ವಾಮಿ. ಗೊತ್ತಾಗ್ತಿಲ್ಲ ಅಂದ್ಲು, ಇನ್ನೂ ಬಿಸಿ ಮಾಡಿ ಒತ್ತಿದೆ. ಆ ಮಗು ಬಿಸಿ ತಾಗಿಸ್ಬೇಡಿ ಅಂತ ಅವತ್ತೇ ಹೇಳಿತ್ತು. ರುಜು ಹಾಕಿ ಅಂತಾನೂ ಕೇಳಿತ್ತು. ನಾನು ಹಾಕಲಿಲ್ಲ."

ಇಂದ್ರೇಶ ಅಪ್ಪನನ್ನೇ ನೋಡುತ್ತಿದ್ದ. "ಆಸ್ಪತ್ರೇಲಿ ನನ್ನ ಪಕ್ಕದಲ್ಲೇ ನಿಂತಿದ್ರಲ್ಲಪ್ಪ" ಎಂದ ಕೊನೆಗೆ. "ನಾನು ಆ ಹೆಣ್ಮಗಳನ್ನ ಹೊಸ್ತಿಲಲ್ಲಿ ನಿಲ್ಲಿಸಿ ಬಾಯಿಗೆ ಬಂದಂಗೆ ಅಂದೆ."

"ಅಂದಿದ್ದು ನೀನಾದ್ರೂ ಅನ್ನಿಸಿದ್ದು ನಾನು ಕಣಪ್ಪ."

ಚನ್ನೇಶ ಮಾತ್ರ, "ಮಾವಂಗೆ ವಯಸ್ಸಾಗೈತೆ ಸಾರ್, ಏನೇನೋ..." ಎಂದು ಶುರು ಮಾಡಿದ. ಮಂಚದ ಮೇಲಿಂದ ಸುವರ್ಣಮ್ಮ, "ಚನ್ನೇಶ, ನಿಂಗೆ ಅರಸೀಕೆರೆ ಬಸ್ಸು ತಪ್ತದೆ ನೋಡು" ಎಂದರು. ಅವನು ಚಪ್ಪಲಿ ಹುಡುಕಿದ.

ರೇವಣಸಿದ್ದಪ್ಪ ಮಂಜುಶ್ರೀಯ ಮುಂದೆ ನಿಂತರು. ಅವಳೇ ಮೊದಲು ಹೇಳಿದಳು:

"ಕೋಪ ಇದೆ ಅಪ್ಪಾಜಿ. ಇಲ್ಲ ಅಂದ್ರೆ ಸುಳ್ಳಾಗ್ತದೆ. ಅವತ್ತು ಕಿಟಕಿ ಹತ್ರ ನೀವಿದ್ದದ್ದು ನಂಗೆ ಕಾಣಿಸ್ತು. ಕಂಪನಿ ದುಡ್ಡು ಕಟ್ಟಿಬಿಡ್ತಿತ್ತು, ಆದ್ರೆ ನನ್ನ ಯಾರು ಮನೆಗೆ ಕರೀತಿದ್ರು? ಬೋರ್ಡು ಇಳಿಸಿಬಿಡು ಮಗಳೇ ಅಂತ ನಮ್ಮಪ್ಪ ನಿನ್ನೆ ಹೇಳಿದ್ರು."

ರೇವಣಸಿದ್ದಪ್ಪ ಗೋಡೆಯ ಬಳಿ ಹೋಗಿ ಕ್ಯಾಲೆಂಡರಿನ ಹಿಂದಿನಿಂದ ಹಾಳೆ ತೆಗೆದರು. ಕನ್ನಡಕ ಹಾಕಿಕೊಂಡು, ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. 'ಕಾಲಿಗೆ ಯಾವುದೇ ಬಿಸಿ ತಾಗಿಸಬಾರದು' ಎಂಬಲ್ಲಿ ಬೆರಳು ಹೆಚ್ಚು ಹೊತ್ತು ನಿಂತಿತು. ಆಮೇಲೆ ರುಜು ಹಾಕಿ, "ಅವತ್ತಿನ ತಾರೀಖೇ ಬರೀಲಾ ಅವ್ವ? ನಿಂಗೆ ಅನುಕೂಲ ಆಗ್ತದಾ?" ಎಂದರು.

"ಬೇಡ ಅಪ್ಪಾಜಿ, ಇವತ್ತಿನದೇ ಬರೀರಿ. ನಾಳೆಯಿಂದ ಡ್ರೆಸ್ಸಿಂಗ್‌ಗೆ ಬರ್ಬೇಕಲ್ಲ, ಅದಕ್ಕಾಗ್ತದೆ."

ಆ ಮಾತು ಕೇಳಿ ಪುಷ್ಪಲತಾ ಸದ್ದಿಲ್ಲದೆ ಕಾಫಿಗಿಟ್ಟಳು. ಕಂಪ್ಲೇಂಟು ವಾಪಸು ಪಡೆಯುವ ಕಾಗದವನ್ನು ಇಂದ್ರೇಶ ಅಲ್ಲಿಯೇ ಬರೆದುಕೊಟ್ಟ. ವಕೀಲರು ಲೋಟ ಖಾಲಿ ಮಾಡಿ, ಹಾಸನಕ್ಕೆ ಹೊರಟರು. ಮಂಜುಶ್ರೀಯೂ ಚೀಲ ಎತ್ತಿಕೊಂಡಾಗ ರೇವಣಸಿದ್ದಪ್ಪ, "ತಡಿ, ನಾನೂ ಬತ್ತೀನಿ" ಎಂದು ಶಲ್ಯ ಹೆಗಲಿಗೆ ಹಾಕಿಕೊಂಡರು.

"ಎಲ್ಲಿಗೆ?"

"ನೀನು ಹೋಗ್ದೇ ನಿಂತಿರೋ ಮನೆಗೆಲ್ಲ. ಮಾತು ಹೊರಟಿದ್ದು ನನ್ನ ಮನೆಯಿಂದ. ನಾನೇ ಹೋಗಿ ವಾಪಸು ತರ್ಬೇಕು."

ಜಾವಗಲ್ಲಿನ ಜನ ಅವತ್ತು ಅಂಗಡಿ ಬಾಗಿಲಿಗೆ ಬಂದು ನೋಡಿದರು. ಕಾರಿಲ್ಲದೆ ಹೊರಗೆ ಕಾಲಿಡದ ಕೊಬ್ಬರಿ ಸಾಹುಕಾರರು, ಬಿಳಿ ಪಂಚೆ ಎತ್ತಿ ಹಿಡಿದು, ನರ್ಸಿನ ಔಷಧಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದರು. ಗುಂಡಿ ಬಂದಾಗಲೆಲ್ಲ, "ಮೆಲ್ಲಗವ್ವ, ನಂಗೆ ಯಾವ ಇನ್ಶೂರೆನ್ಸೂ ಇಲ್ಲ" ಎನ್ನುತ್ತಿದ್ದರು. ಮಂಜುಶ್ರೀಗೆ ನಗು ತಡೆಯಲಾಗಲಿಲ್ಲ. ಕೋಪ ಇನ್ನೂ ಸ್ವಲ್ಪ ಉಳಿದಿತ್ತು, ಆದರೂ ನಕ್ಕಳು.

ಬೋರಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿದಳು. ಉಪ್ಪಿನ ಗಂಟು ಕಟ್ಟಿದ್ದು ತಾವೇ, ತಿಳಿದೂ ಸುಮ್ಮನಿದ್ದದ್ದು ತಾವೇ ಎಂದು ರೇವಣಸಿದ್ದಪ್ಪ ಬೀದಿಗೆ ಕೇಳುವಂತೆ ಹೇಳಿದರು. ಬೋರಮ್ಮನಿಗೆ ಪೂರ್ತಿ ಸಮಾಧಾನವಾಗಲಿಲ್ಲ.

"ಅದು ಸರಿ ಸಾವ್ಕಾರ್ರೇ. ಹಂಗಾದ್ರೆ ಇವಳು ಇನ್ಸೂರೆನ್ಸ್ ಯಾಕೆ ಮಾಡಿಸ್ಕಂಡವ್ಳೆ? ಏನೋ ಆಯ್ತದೆ ಅಂತ ತಾನೆ?"

"ನನ್ನ ಗೋದಾಮಿಗೂ ಮಾಡ್ಸಿದೀನಿ ಬೋರಮ್ಮ. ಬೆಂಕಿ ಹಚ್ಚೋಕೆ ಮಾಡ್ಸಿದೀನಾ?"

ಬೋರಮ್ಮ ಯೋಚಿಸಿದಳು. ಒಳಗಿಂದ ನಂಜಪ್ಪ ನರಳಿದ ಸದ್ದು ಕೇಳಿಸಿತು. ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು, "ಬಾರವ್ವ ಮಂಜು, ಬಿಸಿನೀರು ಬೇಕಾ, ಬೆಚ್ಚಗಿಂದು ಸಾಕಾ, ನೀನೇ ನೋಡಿ ತಗೋ" ಎಂದಳು. ಮಂಜುಶ್ರೀ ಚೀಲದಿಂದ ಮೊದಲು ತೆಗೆದದ್ದು ಒಂದು ಹಾಳೆ. ಬೋರಮ್ಮ ಏನೋ ಅನ್ನುವ ಮುಂಚೆಯೇ ರೇವಣಸಿದ್ದಪ್ಪ ತಮ್ಮ ಜೇಬಿನ ಪೆನ್ನು ಅವಳ ಕೈಗಿಟ್ಟು, "ಮೊದ್ಲು ಓದಿಸಿ ಕೇಳು, ಆಮೇಲೆ ಹಾಕು" ಎಂದರು.

ಎಲ್ಲ ಮನೆ ಮುಗಿಸಿ ಬಂದಾಗ ಸಂಜೆಯಾಗುತ್ತಿತ್ತು. ಚಳಿ ಆಗಲೇ ಶುರುವಾಗಿತ್ತು. ಸುವರ್ಣಮ್ಮ ಮಂಚದ ಮೇಲೆ ಕಂಬಳಿ ಹೊದ್ದು ಕೂತಿದ್ದವರು ಗಂಡನ ಮುಖವನ್ನೊಮ್ಮೆ ನೋಡಿದರು. ಎಲ್ಲವನ್ನೂ ಮುಖವೇ ಹೇಳುತ್ತಿತ್ತು. ಬಹಳ ದಿನಗಳ ಮೇಲೆ ಅವರು ಗಂಡನಿಗೆ 'ಕೂತ್ಕೊಳ್ಳಿ' ಎಂದು ಮಂಚದಲ್ಲಿ ಜಾಗ ಮಾಡಿದರು.

"ಚಳಿ ಆಗ್ತೈತಾ?"

"ಆಗ್ದೇ ಇರ್ತದಾ?"

ರೇವಣಸಿದ್ದಪ್ಪ ಕೂತರು. ಸುಡದೆ ಉಳಿದಿದ್ದ ಎಡಪಾದವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಮುಟ್ಟಲು ಹೋದವರು ತಡೆದು ಬಾಗಿಲ ಕಡೆ ತಿರುಗಿದರು. ಹೊರಗೆ ಮಂಜುಶ್ರೀ ಸ್ಕೂಟರು ತಿರುಗಿಸುತ್ತಿದ್ದಳು.

"ಮಂಜಮ್ಮ, ಬರೀ ಕೈಯಲ್ಲಿ ಹಿಡ್ಕಂಡ್ರೆ ಪರ್ವಾಗಿಲ್ವಾ?"

"ಹಿಡ್ಕೊಳ್ಳಿ ಅಪ್ಪಾಜಿ. ಅದಕ್ಕೆ ಯಾರ ರುಜೂನೂ ಬೇಡ" ಎಂದು ಅವಳು ಅಲ್ಲಿಂದಲೇ ಕೂಗಿ ಹೇಳಿದಳು.

ಅವರು ಎರಡೂ ಅಂಗೈಗಳ ನಡುವೆ ಆ ಪಾದವನ್ನು ಹಿಡಿದುಕೊಂಡರು. "ಬೆಚ್ಚಗೈತಾ?"

"ಏನೂ ಗೊತ್ತಾಗ್ತಿಲ್ಲ" ಎಂದರು ಸುವರ್ಣಮ್ಮ.

ಅವರು ಕೈ ಸಡಿಲಿಸಿದರು.

"ತೆಗೀಬೇಡಿ" ಎಂದರು ಸುವರ್ಣಮ್ಮ. "ಹಂಗೇ ಇರ್ಲಿ."